ಇಳಿದದ್ದು ಸರಿ, ಹಾರಿದ್ದು?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಆಟದ ಪಿರಿಯಡ್. ಆದರೆ ಹೊರಗೆ ಧೋ ಎಂದು ಮಳೆ, ಮೈದಾನವೆಲ್ಲ ಕೆಸರು. ಏಳನೇ ತರಗತಿಯ ಮಕ್ಕಳನ್ನು ಒಳಗೆ ಕೂರಿಸಿ, ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ಚಳಿಗಾಲದ ಒಲಿಂಪಿಕ್ಸಿನ ಹಳೆಯ ತುಣುಕುಗಳನ್ನು ಹಾಕಿದೆವು. ಮಂಜುಗಡ್ಡೆ ಎಂದರೆ ಮೀನಿನ ಪೆಟ್ಟಿಗೆಗೆ ತುಂಬುವ ವಸ್ತು ಎಂದಷ್ಟೇ ತಿಳಿದ ಕಾಸರಗೋಡಿನ ಮಕ್ಕಳು, ಅದರ ಮೇಲೆ ಒಬ್ಬಳು ಹುಡುಗಿ ಜಾರಿ, ಹಾರಿ, ಗಾಳಿಯಲ್ಲಿ ಬುಗುರಿಯಂತೆ ತಿರುಗಿ, ಒಂದೇ ಕಾಲಿನಲ್ಲಿ ಇಳಿಯುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಫಿಗರ್ ಸ್ಕೇಟಿಂಗ್ ಎಂಬ ಆಟ ಅದು.

"ಧೀಂಗಿಣ ಮಾಷ್ಟ್ರೇ, ಧೀಂಗಿಣ!" ಎಂದ ಒಬ್ಬ. ಯಕ್ಷಗಾನದ ಊರಿನ ಮಕ್ಕಳಲ್ಲವೇ, ಪುಂಡುವೇಷದ ನೆನಪಾಗದೆ ಇದ್ದೀತೇ? ಎಲ್ಲರೂ ಸುತ್ತುಗಳನ್ನು ಎಣಿಸತೊಡಗಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಎಣಿಸಲಿಲ್ಲ. ಅವಳು ಕೇಳಿದ್ದು ಹೀಗೆ: "ಮಾಷ್ಟ್ರೇ, ಇವಳು ಬರುವಾಗ ಒಂದು ಕಡೆಗೆ ಬಾಗಿ ಬರ್ತಾಳೆ. ಹಾರಿದ ಮೇಲೆ ತಿರುಗುವುದು ಇನ್ನೊಂದು ಕಡೆಗೆ. ಅದು ಹೇಗೆ?"

ನಮಗೆ ಗೊತ್ತಿರಲಿಲ್ಲ. "ನಾಳೆ ಹೇಳುವ" ಎಂದೆವು. ಗೊತ್ತಿಲ್ಲದಾಗ ಮಾಷ್ಟ್ರುಗಳೆಲ್ಲ ಹೇಳುವ ಮಾತು ಅದು, ಓದುಗರಿಗೆ ಗೊತ್ತೇ ಇದೆ. ಆದರೆ ಈ ಸಲ ನಿಜಕ್ಕೂ ಕುಳಿತು ಓದಿದೆವು. ಓದುತ್ತ ಹೋದಂತೆ ನಮ್ಮದೇ ಉತ್ತರ ಪತ್ರಿಕೆಗಳ ಕಟ್ಟು ಕಣ್ಣ ಮುಂದೆ ಬಂದು ನಿಂತಿತು. ಅದನ್ನು ಬರೆಯಲೆಂದೇ ಈ ಲೇಖನ.

ಮೊದಲು ಆಟದ ವಿಚಾರ. ಸ್ಕೇಟಿಂಗ್ ಬೂಟಿನ ಅಡಿಯಲ್ಲಿರುವ ಉಕ್ಕಿನ ಬ್ಲೇಡು ಚಾಕುವಿನ ಹಾಗೆ ಒಂದೇ ಧಾರೆಯದಲ್ಲ. ಅದರ ದಪ್ಪ ಸುಮಾರು 4 ಮಿಲಿಮೀಟರ್. ತಳದ ಉದ್ದಕ್ಕೂ ನಡುವೆ ಸಣ್ಣ ತೋಡು ಕೊರೆದಿರುತ್ತಾರೆ. ಹಾಗಾಗಿ ಪ್ರತಿ ಬ್ಲೇಡಿಗೂ ಎರಡು ಅಂಚುಗಳು. ಪಾದದ ಒಳಬದಿಗೆ ಒಂದು, ಹೊರಬದಿಗೆ ಒಂದು. ಸ್ಕೇಟರ್ ಯಾವ ಅಂಚಿನ ಮೇಲೆ ಭಾರ ಹಾಕುತ್ತಾಳೋ ಆ ಬದಿಗೆ ದೇಹ ಬಾಗುತ್ತದೆ, ಮಂಜಿನ ಮೇಲೆ ಆ ಬದಿಗೇ ಕಮಾನು ಗೆರೆ ಮೂಡುತ್ತದೆ. ಬ್ಲೇಡಿನ ಮುಂಭಾಗದಲ್ಲಿ ಗರಗಸದಂತೆ ಕೆಲವು ಹಲ್ಲುಗಳಿರುತ್ತವೆ. ಅದಕ್ಕೆ ಟೋ ಪಿಕ್ ಎಂದು ಹೆಸರು.

ಸ್ಪರ್ಧೆಯಲ್ಲಿ ಮುಖ್ಯವಾಗಿ ಆರು ಜಿಗಿತಗಳು. ಸಾಲ್ಕೋವ್, ಲೂಪ್, ಆಕ್ಸೆಲ್ ಎಂಬ ಮೂರರಲ್ಲಿ ಬ್ಲೇಡಿನ ಅಂಚಿನಿಂದಲೇ ಹಾರುತ್ತಾರೆ. ಟೋ ಲೂಪ್, ಫ್ಲಿಪ್, ಲುಟ್ಸ್ ಎಂಬ ಮೂರರಲ್ಲಿ ಇನ್ನೊಂದು ಕಾಲಿನ ಟೋ ಪಿಕ್ಕನ್ನು ಮಂಜಿಗೆ ಊರಿ, ಅದರ ಬಲದಿಂದ ಮೇಲಕ್ಕೆ ಚಿಮ್ಮುತ್ತಾರೆ. ನಮ್ಮ ಹುಡುಗಿ ನೋಡಿದ್ದು ಲುಟ್ಸ್. 1913ರಲ್ಲಿ ಆಸ್ಟ್ರಿಯಾದ ಅಲೋಯಿಸ್ ಲುಟ್ಸ್ ಎಂಬವನು ಹಾರಿ ತೋರಿಸಿದ್ದರಿಂದ ಜಿಗಿತಕ್ಕೆ ಅವನದೇ ಹೆಸರು ನಿಂತಿತು.

ಫ್ಲಿಪ್ ಮತ್ತು ಲುಟ್ಸ್ ಅಣ್ಣತಮ್ಮಂದಿರಂತೆ. ಎರಡರಲ್ಲೂ ಎಡಗಾಲಿನಲ್ಲಿ ಹಿಂದಕ್ಕೆ ಜಾರುತ್ತ ಬಂದು, ಬಲಗಾಲನ್ನು ಹಿಂದಕ್ಕೆ ಚಾಚಿ ಟೋ ಪಿಕ್ ಊರಿ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿ, ಬಲಗಾಲಿನ ಹೊರ ಅಂಚಿನಲ್ಲಿ ಹಿಮ್ಮುಖವಾಗಿ ಇಳಿಯಬೇಕು. (ಬಲಕ್ಕೆ ತಿರುಗುವ ಸ್ಕೇಟರುಗಳೂ ಕೆಲವರಿದ್ದಾರೆ, ಅವರಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲು ಬದಲು.) ಹಾಗಾದರೆ ವ್ಯತ್ಯಾಸ ಎಲ್ಲಿ? ಹಾರುವ ಮೊದಲು ಎಡಗಾಲು ನಿಂತಿರುವ ಅಂಚಿನಲ್ಲಿ. ಫ್ಲಿಪ್ಪಿಗೆ ಒಳ ಅಂಚು, ಲುಟ್ಸಿಗೆ ಹೊರ ಅಂಚು. ಅಷ್ಟೇ.

ಈ 'ಅಷ್ಟೇ'ಯಲ್ಲಿಯೇ ಎಲ್ಲವೂ ಇದೆ. ಒಳ ಅಂಚಿನಲ್ಲಿ ಬರುವಾಗ ದೇಹ ಬಳಸುವ ದಾರಿಯೂ ಮುಂದೆ ತಿರುಗಬೇಕಾದ ದಿಕ್ಕೂ ಒಂದೇ. ಬಂದ ವೇಗವೇ ತಿರುಗಲು ಸಹಾಯ ಮಾಡುತ್ತದೆ. ಹೊರ ಅಂಚಿನಲ್ಲಿ ಬಂದರೆ ದಾರಿ ಗಡಿಯಾರದ ದಿಕ್ಕಿಗೆ, ತಿರುಗಬೇಕಾದದ್ದು ಅದಕ್ಕೆ ಎದುರು ದಿಕ್ಕಿಗೆ. ಮೇಲಕ್ಕೆ ಹೋದ ಮೇಲೆ ಹೊಸದಾಗಿ ತಿರುಗುಬಲ ಹುಟ್ಟಿಸಲು ಅಲ್ಲಿ ಊರಿಕೊಳ್ಳಲು ಏನೂ ಇಲ್ಲ. ಕೈಗಳನ್ನು ಎದೆಗೆ ಒತ್ತಿಕೊಂಡು, ಇರುವ ತಿರುಗುವಿಕೆಯ ವೇಗ ಹೆಚ್ಚಿಸಿಕೊಳ್ಳಬಹುದು, ಅಷ್ಟೆ. ಬೇಕಾದ ಬಲವನ್ನೆಲ್ಲ ಮಂಜನ್ನು ಬಿಡುವ ಮೊದಲೇ, ಎದುರು ದಿಕ್ಕಿನ ಓಟವನ್ನು ತಡೆದು ಹುಟ್ಟಿಸಿಕೊಳ್ಳಬೇಕು. ಅದಕ್ಕೇ ಲುಟ್ಸ್ ಕಷ್ಟ. 2018-19ರ ಅಂಕಪಟ್ಟಿಯಲ್ಲಿ ಮೂರು ಸುತ್ತಿನ ಟೋ ಲೂಪಿಗೆ ಮೂಲ ಅಂಕ 4.20, ಫ್ಲಿಪ್ಪಿಗೆ 5.30, ಲುಟ್ಸಿಗೆ 5.90.

ಕಷ್ಟ ಇರುವಲ್ಲಿ ಒಂದು ಒಳದಾರಿಯೂ ಇರುತ್ತದೆ. ಸ್ಕೇಟರ್ ಹೊರ ಅಂಚಿನಲ್ಲಿಯೇ ಬರುತ್ತಾಳೆ, ರಿಂಕಿನ ಮೂಲೆಯವರೆಗೂ ಚಂದವಾಗಿ ಬರುತ್ತಾಳೆ. ಬಲಗಾಲು ಮಂಜನ್ನು ಮುಟ್ಟುವ ಕೊನೆಯ ಗಳಿಗೆಯಲ್ಲಿ ಎಡಪಾದ ಮೆಲ್ಲಗೆ ಒಳಕ್ಕೆ ವಾಲುತ್ತದೆ. ಅಂಚು ಬದಲಾಯಿತು. ಹೆಸರು ಲುಟ್ಸ್, ಹಾರಿದ್ದು ಫ್ಲಿಪ್. ಸ್ಕೇಟಿಂಗ್ ಬಲ್ಲವರು ಎರಡೂ ಹೆಸರು ಸೇರಿಸಿ ಇದನ್ನು 'ಫ್ಲಟ್ಸ್' ಎಂದು ಕರೆಯುತ್ತಾರೆ. ನೋಡುಗರಿಗೆ ಇದು ಗೊತ್ತೇ ಆಗುವುದಿಲ್ಲ. ಅವರು ಸುತ್ತು ಎಣಿಸುತ್ತಾರೆ, ಬಿದ್ದಳೋ ನಿಂತಳೋ ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಧೀಂಗಿಣದ ಲೆಕ್ಕ ಇಡುವ ಪ್ರೇಕ್ಷಕರ ಹಾಗೆ. ಪಾದ ನೋಡುವುದು ಚೌಕಿಯ ಬಾಗಿಲಲ್ಲಿ ನಿಂತ ಗುರುಗಳು ಮಾತ್ರ.

ಸುತ್ತುಗಳ ಇತಿಹಾಸ ದೊಡ್ಡದು. 1962ರಲ್ಲಿ ಪ್ರಾಗ್‌ನ ವಿಶ್ವ ಸ್ಪರ್ಧೆಯಲ್ಲಿ ಕೆನಡಾದ ಡೊನಾಲ್ಡ್ ಜಾಕ್ಸನ್ ಮೂರು ಸುತ್ತಿನ ಲುಟ್ಸನ್ನು ಮೊದಲ ಬಾರಿಗೆ ಸ್ಪರ್ಧೆಯಲ್ಲಿ ಇಳಿಸಿದರು. ಮಹಿಳೆಯರಲ್ಲಿ ಮೊದಲು 1978ರಲ್ಲಿ ಸ್ವಿಟ್ಜರ್ಲೆಂಡಿನ ಡೆನಿಸ್ ಬೀಲ್ಮನ್. ನಾಲ್ಕು ಸುತ್ತಿನದು 2011ರಲ್ಲಿ ಅಮೆರಿಕದ ಬ್ರಾಂಡನ್ ಮ್ರೋಜ್ ಅವರಿಂದ. 2018ರಲ್ಲಿ ರಷ್ಯಾದ ಅಲೆಕ್ಸಾಂಡ್ರಾ ಟ್ರುಸೋವಾ ಅದೇ ನಾಲ್ಕು ಸುತ್ತನ್ನು 14ನೇ ವಯಸ್ಸಿನಲ್ಲಿ ಹಾರಿದಳು. ಒಂದು, ಎರಡು, ಮೂರು, ನಾಲ್ಕು... ಪತ್ರಿಕೆಗಳಲ್ಲಿ ಬರುವುದು ಈ ಎಣಿಕೆಯೇ. ಅಂಚಿನ ಇತಿಹಾಸ ಮಾತ್ರ ಅಷ್ಟಾಗಿ ಸುದ್ದಿಯಾಗಲಿಲ್ಲ. ನಮ್ಮ ಮಾತು ಅದರ ಬಗ್ಗೆ.

ಹಿಂದೆ ಈ ಆಟದಲ್ಲಿ 6.0ರ ಪದ್ಧತಿ ಇತ್ತು. ತೀರ್ಪುಗಾರರು ಇಡೀ ಪ್ರದರ್ಶನವನ್ನು ನೋಡಿ ತಾಂತ್ರಿಕತೆಗೆ ಒಂದು ಅಂಕ, ಪ್ರಸ್ತುತಿಗೆ ಒಂದು ಅಂಕ ಕೊಡುತ್ತಿದ್ದರು. 5.7 ಬಂತು ಎಂದಿಟ್ಟುಕೊಳ್ಳಿ. ಹೋದ 0.3 ಎಲ್ಲಿ ಹೋಯಿತು? ಲುಟ್ಸಿನ ಅಂಚಿನಿಂದಲೋ, ತಿರುಗಣೆ ನಿಧಾನವಾದದ್ದರಿಂದಲೋ? ಆ ಸಂಖ್ಯೆ ಹೇಳುವುದಿಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನಲ್ಲಿ ಜೋಡಿ ವಿಭಾಗದ ತೀರ್ಪಿನ ಬಗ್ಗೆ ದೊಡ್ಡ ಹಗರಣವಾಯಿತು. ಆಮೇಲೆ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಳೆಯ ಪದ್ಧತಿಯನ್ನು ಕೈಬಿಟ್ಟು 2004ರಲ್ಲಿ ಹೊಸದನ್ನು ಒಪ್ಪಿಕೊಂಡಿತು.

ಹೊಸ ಪದ್ಧತಿಯಲ್ಲಿ ಪ್ರತಿ ಜಿಗಿತಕ್ಕೂ ಪ್ರತ್ಯೇಕ ಮೂಲ ಅಂಕ. ತೀರ್ಪುಗಾರರ ಜತೆಗೆ ಒಂದು ತಾಂತ್ರಿಕ ಸಮಿತಿ ಕೂರುತ್ತದೆ. ಅವರ ಕೈಯಲ್ಲಿ ವಿಡಿಯೋ ಇರುತ್ತದೆ. ಅನುಮಾನ ಬಂದ ಜಿಗಿತವನ್ನು ಮತ್ತೆ ಹಾಕಿ ನೋಡಬಹುದು. 2000ರ ದಶಕದ ಕೊನೆಯ ವರ್ಷಗಳಲ್ಲಿ ಈ ಸಮಿತಿ ಲುಟ್ಸ್ ಮತ್ತು ಫ್ಲಿಪ್ಪಿನ ತಪ್ಪು ಅಂಚುಗಳನ್ನು ಅಂಕಪಟ್ಟಿಯಲ್ಲಿಯೇ ಗುರುತಿಸತೊಡಗಿತು. ಅಂಚು ಸ್ಪಷ್ಟವಾಗಿ ತಪ್ಪಿದ್ದರೆ ಆ ಜಿಗಿತದ ಹೆಸರಿನ ಮುಂದೆ ಇಂಗ್ಲಿಷಿನ 'ಇ' ಅಕ್ಷರ. ಮೊದಲು ಇದರಿಂದ ಗುಣಮಟ್ಟದ ಅಂಕ ಮಾತ್ರ ಕಡಿಮೆಯಾಗುತ್ತಿತ್ತು, ಆಮೇಲೆ ಮೂಲ ಅಂಕದಲ್ಲೂ ಕಡಿತ ಬಂತು. 2021-22ರ ಹೊತ್ತಿಗೆ 5.90 ಇರುವ ಲುಟ್ಸ್ 'ಇ' ಬಿದ್ದರೆ 4.72 ಆಗುತ್ತಿತ್ತು. ಅಂದರೆ ಲುಟ್ಸ್ ಎಂದು ಹೇಳಿ ಹಾರಿದ ಫ್ಲಿಪ್ಪಿಗೆ, ಫ್ಲಿಪ್ ಎಂದೇ ಹೇಳಿ ಹಾರಿದ ಫ್ಲಿಪ್ಪಿಗಿಂತ ಕಡಿಮೆ ಬೆಲೆ!

ಇನ್ನೂ ಒಂದು ಗುರುತು ಇದೆ. ಅದು ನಮಗೆ ಬಹಳ ಇಷ್ಟವಾಯಿತು. ಅಂಚು ಸರಿಯೋ ತಪ್ಪೋ ಎಂದು ವಿಡಿಯೋ ನೋಡಿದರೂ ಸ್ಪಷ್ಟವಾಗದಿದ್ದರೆ ಅಲ್ಲಿ ಬರೆಯುವುದು ಆಶ್ಚರ್ಯಸೂಚಕ ಚಿಹ್ನೆ. ಆಗ ಮೂಲ ಅಂಕ ಹಾಗೆಯೇ ಉಳಿಯುತ್ತದೆ, ಗುಣಮಟ್ಟದ ಅಂಕದಲ್ಲಿ ಮಾತ್ರ ಅದನ್ನು ಗಮನಿಸುತ್ತಾರೆ. 'ನಮಗೂ ಸರಿಯಾಗಿ ಕಾಣಲಿಲ್ಲ, ಆದರೆ ನೀನು ಇಲ್ಲಿ ಜಾಗ್ರತೆ ಮಾಡು' ಎಂದು ಅಂಕ ಹಾಕುವವರೇ ಹೇಳುವ ರೀತಿ ಅದು. ಮೌಲ್ಯಮಾಪನ ಮಾಡುವವನು ತನ್ನ ಅನುಮಾನವನ್ನೂ ಪತ್ರಿಕೆಯ ಮೇಲೆ ಬರೆಯುವುದನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಸ್ಪರ್ಧೆ ಮುಗಿದ ಮೇಲೆ ಈ ಅಂಕಪಟ್ಟಿ ಪ್ರಕಟವಾಗುತ್ತದೆ. ಯಾವ ಜಿಗಿತ, ಎಷ್ಟು ಮೂಲ ಅಂಕ, ಯಾವ ಗುರುತು, ಎಷ್ಟು ಹೋಯಿತು, ಎಲ್ಲವೂ ಅದರಲ್ಲಿ ಸಾಲು ಸಾಲಾಗಿ. ಸ್ಕೇಟರ್ ಅದನ್ನು ಹಿಡಿದುಕೊಂಡು ಮರುದಿನ ಅಭ್ಯಾಸಕ್ಕೆ ಹೋಗಬಹುದು.

ಈಗ ಒಬ್ಬಳ ಕಥೆ. ಜಪಾನಿನ ಮಾವೊ ಅಸಾಡಾ. 1990ರಲ್ಲಿ ಹುಟ್ಟಿದವಳು, ಬಾಲ್ಯದಲ್ಲಿಯೇ ದೇಶವೆಲ್ಲ ಕೊಂಡಾಡಿದ ಪ್ರತಿಭೆ. ಅಂಚಿನ ನಿಯಮ ಬಿಗಿಯಾಗುವ ಹೊತ್ತಿಗೆ ಅವಳಿಗೆ ಹದಿನೇಳರ ಆಸುಪಾಸು. ಹದಿನೇಳು ವರ್ಷ ಎಂದರೆ ಪಾದ ತನ್ನ ಅಭ್ಯಾಸವನ್ನು ಎಂದೋ ಕಲಿತು ಮುಗಿಸಿದ ವಯಸ್ಸು. ಅವಳ ಲುಟ್ಸಿನ ಮೇಲೆ ಗುರುತು ಬೀಳತೊಡಗಿತು. ಹಾಗಿದ್ದರೂ 2008ರಲ್ಲಿ ವಿಶ್ವ ಚಾಂಪಿಯನ್ ಆದಳು.

2010ರ ವ್ಯಾಂಕೂವರ್ ಒಲಿಂಪಿಕ್ಸ್. ಎದುರಿಗೆ ಅದೇ ವಯಸ್ಸಿನ ದಕ್ಷಿಣ ಕೊರಿಯಾದ ಕಿಮ್ ಯುನಾ. ಯುನಾಳ ಕೈಯಲ್ಲಿದ್ದದ್ದು ಮೂರು ಸುತ್ತಿನ ಲುಟ್ಸ್, ಅದರ ಬೆನ್ನಿಗೇ ಮೂರು ಸುತ್ತಿನ ಟೋ ಲೂಪ್. ಅವಳ ಲುಟ್ಸನ್ನು ಪಠ್ಯಪುಸ್ತಕದ ಚಿತ್ರದಂತೆ ಎಂದು ಬಲ್ಲವರು ಹೊಗಳುತ್ತಿದ್ದರು. ಅಸಾಡಾ ಎರಡು ದಿನಗಳಲ್ಲಿ ಒಟ್ಟು ಮೂರು ಬಾರಿ ಮೂರೂವರೆ ಸುತ್ತಿನ ಆಕ್ಸೆಲ್ ಹಾರಿದಳು. ಒಂದೇ ಒಲಿಂಪಿಕ್ಸಿನಲ್ಲಿ ಯಾವ ಮಹಿಳೆಯೂ ಅದುವರೆಗೆ ಮಾಡದ ಸಾಧನೆ ಅದು. ಆದರೆ ಅವಳ ದೀರ್ಘ ಪ್ರದರ್ಶನದಲ್ಲಿ ಲುಟ್ಸ್ ಇರಲೇ ಇಲ್ಲ. ಯುನಾಳಿಗೆ 228.56 ಅಂಕ, ಚಿನ್ನ. ಅಸಾಡಾಳಿಗೆ 205.50, ಬೆಳ್ಳಿ. ಸೋಲಿಗೆ ಲುಟ್ಸ್ ಒಂದೇ ಕಾರಣ ಎಂದರೆ ತಪ್ಪಾಗುತ್ತದೆ, ಬೇರೆ ತಪ್ಪುಗಳೂ ಅಂದು ಆದವು. ಆದರೂ ಹೆಚ್ಚು ಬೆಲೆಯ ಒಂದು ಜಿಗಿತವನ್ನೇ ಬದಿಗಿಟ್ಟು ಆಡುವುದೆಂದರೆ ಪ್ರಶ್ನೆಪತ್ರಿಕೆಯ ಒಂದು ಪಾಠವನ್ನೇ ಬಿಟ್ಟು ಪರೀಕ್ಷೆಗೆ ಕೂತಂತೆ.

ಆಮೇಲೆ ಅವಳು ಮಾಡಿದ್ದನ್ನು ನಮ್ಮ ಮಕ್ಕಳಿಗೆ ಎರಡು ಸಲ ಹೇಳಿದೆವು. ಆ ವರ್ಷವೇ ಮತ್ತೊಮ್ಮೆ ವಿಶ್ವ ಚಾಂಪಿಯನ್ ಆಗಿದ್ದವಳು, ನೊಬುವೊ ಸಾಟೊ ಎಂಬ ಹಿರಿಯ ಗುರುಗಳ ಬಳಿ ಹೋಗಿ ತನ್ನ ಜಿಗಿತಗಳನ್ನೆಲ್ಲ ಮೊದಲಿನಿಂದ ಕಲಿಯಲು ಕುಳಿತಳು. ಇಪ್ಪತ್ತನೇ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ! ಫಲ ಕೂಡಲೇ ಬರಲಿಲ್ಲ. ಬಂದದ್ದು ಸೋಲು. ಆ ಋತುವಿನ ಎನ್‌ಎಚ್‌ಕೆ ಟ್ರೋಫಿಯಲ್ಲಿ ಎಂಟನೇ ಸ್ಥಾನ, 2011ರ ವಿಶ್ವ ಸ್ಪರ್ಧೆಯಲ್ಲಿ ಆರನೇ ಸ್ಥಾನ. ಹಳೆಯದನ್ನು ಕೆಡವಿ ಹೊಸದು ಕಟ್ಟುವಾಗ ನಡುವೆ ಮನೆಯೇ ಇಲ್ಲದ ದಿನಗಳು ಬರುತ್ತವಲ್ಲ, ಹಾಗೆ.

2014ರ ಸೋಚಿ ಒಲಿಂಪಿಕ್ಸಿನ ಮೊದಲ ದಿನ ಅವಳು 16ನೇ ಸ್ಥಾನಕ್ಕೆ ಕುಸಿದಳು. ಪದಕದ ಆಸೆ ಮುಗಿದಿತ್ತು. ಮರುದಿನ ದೀರ್ಘ ಪ್ರದರ್ಶನದಲ್ಲಿ ಆರೂ ವಿಧದ ಜಿಗಿತಗಳನ್ನು ಮೂರು ಸುತ್ತಿನಲ್ಲಿ ಹಾರಿದಳು, ವ್ಯಾಂಕೂವರಿನಲ್ಲಿ ಬಿಟ್ಟಿದ್ದ ಲುಟ್ಸನ್ನೂ ಸೇರಿಸಿ. 142.71 ಅಂಕ, ಅವಳ ಜೀವನದಲ್ಲಿ ಅದುವರೆಗಿನ ಅತ್ಯುತ್ತಮ. ಕೊನೆಯ ಭಂಗಿಯಲ್ಲಿ ನಿಂತು ಅತ್ತಳು. ಒಟ್ಟಿನಲ್ಲಿ ಆರನೇ ಸ್ಥಾನಕ್ಕೆ ಏರಿದಳು. ಮುಂದಿನ ತಿಂಗಳು ಸೈಟಾಮಾದಲ್ಲಿ ಮೂರನೇ ಬಾರಿಗೆ ವಿಶ್ವ ಚಾಂಪಿಯನ್.

ಆ ದಿನದ ಅಂಕಪಟ್ಟಿಯಲ್ಲಿ ಅವಳ ಲುಟ್ಸಿನ ಮುಂದೆ 'ಇ' ಇತ್ತು. ಹೌದು, ಅಷ್ಟೆಲ್ಲ ಕಷ್ಟಪಟ್ಟ ಮೇಲೂ, ಜಗತ್ತೇ ಕಣ್ಣೀರು ಹಾಕಿದ ಆ ಪ್ರದರ್ಶನದಲ್ಲೂ, ಎಡಪಾದ ಕೊನೆಯ ಗಳಿಗೆಯಲ್ಲಿ ಹಳೆಯ ಕಡೆಗೇ ವಾಲಿತ್ತು. ಸಮಿತಿ ಅದನ್ನು ಬರೆಯಿತು. ಬರೆದೂ ಅವಳಿಗೆ 142.71 ಕೊಟ್ಟಿತು.

ಇದರಲ್ಲಿ ನಮಗೆ ಎರಡು ವಿಷಯಗಳು ಕಂಡವು. ಒಂದು, ಎಳೆಯ ಪಾದ ಕಲಿತ ಅಂಚನ್ನು ದೊಡ್ಡವಳಾದ ಮೇಲೆ ಬದಲಿಸುವುದು ವಿಶ್ವ ಚಾಂಪಿಯನ್ನಳಿಗೂ ಎಷ್ಟು ಕಷ್ಟ ಎಂಬುದು. ಅವಳು ಎಳೆಯವಳಾಗಿದ್ದಾಗ ನಿಯಮವೇ ಸಡಿಲವಾಗಿತ್ತು, ಅಂಚನ್ನು ಬರೆದು ತಿಳಿಸುವ ಕ್ರಮವೇ ಇರಲಿಲ್ಲ. ಆಟ ಎಚ್ಚೆತ್ತಾಗ ಬೆಲೆ ತೆತ್ತವಳು ಮಗು. ಎರಡನೆಯದು, ತಪ್ಪನ್ನು ತಪ್ಪೆಂದು ಬರೆದರೂ ಉಳಿದದ್ದಕ್ಕೆ ಪೂರ್ಣ ಬೆಲೆ ಕೊಡಲು ಸಾಧ್ಯ ಎಂಬುದು.

ಈಗ ನಮ್ಮ ತಪ್ಪಿನ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಐದನೇ ತರಗತಿಯ ಗಣಿತ ಪರೀಕ್ಷೆಯಲ್ಲಿ 16/64 ಎಂಬ ಭಿನ್ನರಾಶಿಯನ್ನು ಸಂಕ್ಷಿಪ್ತ ರೂಪಕ್ಕೆ ತರಲು ಕೊಟ್ಟಿದ್ದೆವು. ಒಬ್ಬ ಹುಡುಗ ಮೇಲಿನ 6ನ್ನೂ ಕೆಳಗಿನ 6ನ್ನೂ ಗೆರೆ ಎಳೆದು ಹೊಡೆದುಹಾಕಿದ. ಉಳಿದದ್ದು 1/4. ಉತ್ತರ ಸರಿ! ನೂರಾರು ಪತ್ರಿಕೆಗಳ ನಡುವೆ, ರಾತ್ರಿ ಹತ್ತು ಗಂಟೆಗೆ, ನಾವು ಉತ್ತರ ಮಾತ್ರ ನೋಡಿ ಕೆಂಪು ಶಾಯಿಯಲ್ಲಿ ಸರಿ ಹಾಕಿದೆವು. ಎರಡಕ್ಕೆ ಎರಡು.

ಎರಡು ವರ್ಷ ಕಳೆದು ಅದೇ ಹುಡುಗ ಏಳನೇ ತರಗತಿಯ ಬೋರ್ಡಿನಲ್ಲಿ 13/39ನ್ನು ಹಾಗೆಯೇ ಮಾಡಿದ. 3ಕ್ಕೆ 3 ಹೊಡೆದು 1/9 ಎಂದ. ತಪ್ಪು ಎಂದಾಗ ಅವನು ಸಿಟ್ಟಾಗಲಿಲ್ಲ, ಗೊಂದಲಕ್ಕೆ ಬಿದ್ದ. "ಐದನೆಯಲ್ಲಿ ನೀವೇ ಸರಿ ಹಾಕಿದ್ದಲ್ವಾ ಮಾಷ್ಟ್ರೇ?" ಎಂದ. ತರಗತಿಯ ಎದುರು ನಿಂತು ಏನು ಹೇಳುವುದೆಂದು ನಮಗೆ ತೋಚಲಿಲ್ಲ. ಅವನು ಇಳಿದದ್ದನ್ನು ನೋಡಿ ಚಪ್ಪಾಳೆ ತಟ್ಟಿದವರು ನಾವೇ. ಹಾರಿದ ಅಂಚನ್ನು ನೋಡಬೇಕಾದವರೂ ನಾವೇ ಆಗಿದ್ದೆವು.

ಕನ್ನಡದ ಪತ್ರಿಕೆಗಳಲ್ಲಿಯೂ ಇದೇ ಕಥೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವ ಮಕ್ಕಳು ನಮ್ಮಲ್ಲಿ ಬಂದು ಕನ್ನಡದಲ್ಲಿ ಬರೆಯುತ್ತಾರೆ. ಗೈಡಿನಿಂದ ಬಾಯಿಪಾಠ ಮಾಡಿದ ಪ್ರಬಂಧ ಮುತ್ತಿನಂಥ ಅಕ್ಷರದಲ್ಲಿ ಬಂದರೆ ಪೂರ್ಣ ಅಂಕ. ಅದೇ ಮಗುವಿಗೆ 'ನಿನ್ನೆ ಏಕೆ ಶಾಲೆಗೆ ಬರಲಿಲ್ಲ, ಎರಡು ಸಾಲು ಬರೆ' ಎಂದರೆ ಪೆನ್ಸಿಲ್ ಕಚ್ಚುತ್ತ ಕೂರುತ್ತದೆ. ಮೂಲೆಯವರೆಗೆ ಚಂದವಾಗಿ ಬಂದು, ಕೊನೆಯ ಗಳಿಗೆಯಲ್ಲಿ ವಾಲುವ ಪಾದ ಅದು.

ಇದಕ್ಕೆ ಎದುರಾದ ಇನ್ನೊಂದು ತಪ್ಪನ್ನೂ ನಾವು ಮಾಡುತ್ತೇವೆ. ವಿಧಾನವೆಲ್ಲ ಸರಿಯಿದ್ದು ಕೊನೆಯ ಕೂಡುವಿಕೆಯಲ್ಲಿ ಎಡವಿದ ಮಗುವಿಗೆ ಸೊನ್ನೆ. ಉದ್ದ ಗೆರೆ ಎಳೆದು ದೊಡ್ಡ ತಪ್ಪು ಗುರುತು. ಎಲ್ಲಿ ತಪ್ಪಿತು ಎಂದು ಬರೆಯುವುದಿಲ್ಲ. ಹಳೆಯ 6.0 ಪದ್ಧತಿಯ ಹಾಗೆ ಒಂದು ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಪೂರ್ಣ ಅಂಕ ಇಲ್ಲವೇ ಸೊನ್ನೆ, ನಡುವೆ ಏನೂ ಇಲ್ಲ. ಮಗುವಿನ ಕೈಗೆ ಹೋಗುವುದು ಸಂಖ್ಯೆ ಮಾತ್ರ, ದಾರಿಯಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಪ್ರಾಥಮಿಕ ತರಗತಿಗಳಲ್ಲಿ ನಾವು ಉತ್ತರವನ್ನಲ್ಲ, ಅಂಚನ್ನು ನೋಡಿ ಅಂಕ ಹಾಕಬೇಕು. ಅಂಚು ತಪ್ಪಿದ್ದರೆ ಸ್ವಲ್ಪ ಅಂಕ ಕಳೆಯಬೇಕು, ಎಲ್ಲವನ್ನೂ ಅಲ್ಲ. ಎಲ್ಲಿ ತಪ್ಪಿತು ಎಂದು ಪತ್ರಿಕೆಯಲ್ಲಿ ಬರೆಯಬೇಕು. ಮಗು ಸರಿಯಾಗಿ ತಿಳಿದು ಮಾಡಿದೆಯೋ ಅದೃಷ್ಟದಿಂದ ಮಾಡಿದೆಯೋ ಎಂದು ನಮಗೇ ತಿಳಿಯದಿದ್ದರೆ, ಅಂಕ ಕಳೆಯದೆ ಒಂದು ಆಶ್ಚರ್ಯಸೂಚಕ ಹಾಕಿ ಕರೆದು ಕೇಳಬೇಕು.

ಕೆಲವರು ಈಗಾಗಲೇ ಆಕ್ಷೇಪ ಎತ್ತಿದ್ದಾರೆ. ನಮ್ಮದೇ ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ಹೇಳಿದರು: "ಕನ್ನಡ ಮಾಧ್ಯಮಕ್ಕೆ ಮಕ್ಕಳೇ ಬರುವುದಿಲ್ಲ. ಇರುವ ನಾಲ್ಕು ಮಕ್ಕಳಿಗೆ ಅಂಕ ಕಡಿಮೆ ಹಾಕಿದರೆ ಹೆತ್ತವರು ಬರುವ ವರ್ಷ ಇಂಗ್ಲಿಷ್ ಮೀಡಿಯಂ ಬಸ್ಸಿಗೆ ಹತ್ತಿಸುತ್ತಾರೆ. ಆಮೇಲೆ ಯಾರ ಅಂಚು ನೋಡುತ್ತೀರಿ?"

ಈ ಮಾತನ್ನು ತಳ್ಳಿಹಾಕಲು ನಮಗೆ ಆಗುವುದಿಲ್ಲ. ಡಿವಿಜನ್ ಕಡಿಮೆಯಾದರೆ ಏನಾಗುತ್ತದೆ ಎಂದು ಗಡಿನಾಡಿನ ಪ್ರತಿಯೊಬ್ಬ ಕನ್ನಡ ಅಧ್ಯಾಪಕನಿಗೂ ಗೊತ್ತು. ಆದರೆ ಇನ್ನೊಂದು ಬದಿ ನೋಡಿ. ಏಳನೇ ತರಗತಿಯವರೆಗೆ ನಮ್ಮ ಕೈಯಲ್ಲಿರುವ ಮಗು ಎಂಟಕ್ಕೆ ಹೈಸ್ಕೂಲಿಗೆ ಹೋಗುತ್ತದೆ. ಕೇರಳದಲ್ಲಿ 2024-25ರಿಂದ ಎಂಟನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಪ್ರತಿ ವಿಷಯದ ಲಿಖಿತ ಭಾಗಕ್ಕೆ ಶೇ. 30 ಕನಿಷ್ಠ ಅಂಕದ ನಿಯಮ ಬಂದಿದೆ. ಅದುವರೆಗೆ ಯಾರೂ ನೋಡದ ಅಂಚನ್ನು ಅಲ್ಲಿ ಒಮ್ಮೆಲೇ ನೋಡುತ್ತಾರೆ. ಸಡಿಲ ಕಾಲದಲ್ಲಿ ಕಲಿತು ಬಿಗಿ ಕಾಲದಲ್ಲಿ ಪರೀಕ್ಷೆಗೆ ನಿಂತ ಅಸಾಡಾಳ ಸ್ಥಿತಿಯೇ ನಮ್ಮ ಮಕ್ಕಳದ್ದು. ಅವಳಿಗೆ ಮತ್ತೆ ಮೊದಲಿನಿಂದ ಕಲಿಸಲು ಒಬ್ಬ ದೊಡ್ಡ ಗುರು ಸಿಕ್ಕಿದರು. ನಮ್ಮ ಬೀಡಿ ಕಟ್ಟುವ ತಾಯಿಯ ಮಗನಿಗೆ, ಅಡಿಕೆ ಸುಲಿಯಲು ಹೋಗುವ ಅಪ್ಪನ ಮಗಳಿಗೆ ಯಾರು ಸಿಗುತ್ತಾರೆ? ಅಂಕ ಕೊಟ್ಟು ಮಗುವನ್ನು ಉಳಿಸಿಕೊಂಡೆವು ಎಂದು ನಾವು ಅಂದುಕೊಳ್ಳುತ್ತೇವೆ. ಎಂಟನೇ ತರಗತಿಯಲ್ಲಿ ಆ ಮಗು ಮುಗ್ಗರಿಸಿದಾಗ 'ಕನ್ನಡ ಮಾಧ್ಯಮದಲ್ಲಿ ಕಲಿತದ್ದಕ್ಕೆ ಹೀಗಾಯಿತು' ಎಂದು ಊರು ಹೇಳುತ್ತದೆ. ಹೆಸರು ಕೆಡುವುದು ಭಾಷೆಯದ್ದು. ತಪ್ಪು ಮಾತ್ರ ನಮ್ಮ ಕೆಂಪು ಪೆನ್ನಿನದ್ದು.

ಇನ್ನೊಂದು ಆಕ್ಷೇಪ, ಇಷ್ಟು ಚಿಕ್ಕ ಮಕ್ಕಳ ಮೇಲೆ ಇಷ್ಟು ಕಟ್ಟುನಿಟ್ಟು ಬೇಕೇ ಎಂಬುದು. ಕಟ್ಟುನಿಟ್ಟು ಎಂದರೆ ಹೊರೆ ಹೊರಿಸುವುದು ಎಂದು ನಾವು ಹೇಳುತ್ತಿಲ್ಲ. ಸುತ್ತು ಹೆಚ್ಚಿಸುವ ಆತುರದಿಂದ ಮಕ್ಕಳ ಮೈಮನಸ್ಸಿಗೆ ಏನಾಗುತ್ತದೆ ಎಂಬ ಚಿಂತೆ ಆ ಆಟದವರಿಗೂ ಬಂತು. 2022ರ ಜೂನ್‌ನಲ್ಲಿ ಸ್ಕೇಟಿಂಗ್ ಒಕ್ಕೂಟ ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸನ್ನು 15ರಿಂದ ಹಂತ ಹಂತವಾಗಿ 17ಕ್ಕೆ ಏರಿಸಲು ತೀರ್ಮಾನಿಸಿತು, 2024-25ರ ಋತುವಿಗೆ ಅದು ಪೂರ್ತಿ ಜಾರಿಯಾಯಿತು. ಸುತ್ತು ನಿಧಾನವಾಗಿ ಬರಲಿ. ಒಂದೇ ಸುತ್ತಿನ ಲುಟ್ಸ್ ಆದರೂ ಸರಿಯಾದ ಅಂಚಿನಲ್ಲಿ ಬರಲಿ. ಹತ್ತು ಲೆಕ್ಕ ಬೇಡ, ಎರಡು ಲೆಕ್ಕ ತಿಳಿದು ಮಾಡಲಿ. ಇದರಿಂದ ಮಗುವಿನ ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಸಮಯ ಎಲ್ಲಿದೆ ಎಂದು ಕೇಳುವವರಿಗೆ ನಮ್ಮ ಅನುಭವ ಹೇಳುತ್ತೇವೆ. ಈ ವರ್ಷ ನಮ್ಮ ತರಗತಿಯ ಗಣಿತ ಪತ್ರಿಕೆಗಳಲ್ಲಿ ಎರಡೇ ಗುರುತು ಹಾಕುತ್ತಿದ್ದೇವೆ. ವಿಧಾನ ತಪ್ಪಿದಲ್ಲಿ 'ಅಂ' ಎಂದು ಒಂದು ಅಕ್ಷರ, ಅಂಚು ತಪ್ಪಿದೆ ಎಂದು ಅರ್ಥ. ಅನುಮಾನ ಇದ್ದಲ್ಲಿ ಆಶ್ಚರ್ಯಸೂಚಕ. ಒಂದು ಪತ್ರಿಕೆಗೆ ಒಂದೆರಡು ನಿಮಿಷ ಹೆಚ್ಚು ಬೇಕಾಗುತ್ತದೆ, ನಿಜ. ಆದರೆ ಪತ್ರಿಕೆ ಹಿಂದೆ ಕೊಟ್ಟ ದಿನ ಮಕ್ಕಳು ಈಗ ಅಂಕ ಮಾತ್ರ ನೋಡಿ ಮಡಚಿ ಇಡುವುದಿಲ್ಲ. "ಮಾಷ್ಟ್ರೇ, ಇಲ್ಲಿ ಅಂ ಯಾಕೆ?" ಎಂದು ಮೇಜಿನ ಹತ್ತಿರ ಬರುತ್ತಾರೆ. ಆ ಪ್ರಶ್ನೆಗಾಗಿ ಎರಡು ನಿಮಿಷ ಕೊಡುವುದು ನಷ್ಟವೇನಲ್ಲ.

13/39ರ ಹುಡುಗನೂ ಬಂದ. 39ರಲ್ಲಿ ಎಷ್ಟು 13 ಇದೆ ಎಂದು ಬೆರಳು ಮಡಚಿ ಎಣಿಸಿ, 1/3 ಎಂದು ಬರೆದ. ಪಕ್ಕದಲ್ಲಿ ಹಳೆಯ 16/64ನ್ನೂ ತಾನೇ ಬರೆದು, ಈ ಸಲ ಹದಿನಾರರಿಂದ ಭಾಗಿಸಿದ. ಉತ್ತರ ಮತ್ತೆ 1/4 ಬಂದಾಗ ಅವನಿಗೆ ನಗು ಬಂತು. "ಎರಡೂ ಒಂದೇ ಮಾಷ್ಟ್ರೇ, ಆದರೆ ಒಂದೇ ಅಲ್ಲ" ಎಂದ.

ಪ್ರತಿ ಜೂನ್‌ನಲ್ಲಿ ನಮ್ಮ ಪೇಟೆಯಲ್ಲಿ ಎಲ್ಲ ವಿಷಯಕ್ಕೂ ಎ ಪ್ಲಸ್ ಪಡೆದ ಮಕ್ಕಳ ಫ್ಲೆಕ್ಸ್ ಏಳುತ್ತವೆ. ಏಳಲಿ, ಸಂತೋಷವೇ. ಆದರೆ ಅವೆಲ್ಲ ಇಳಿದ ಚಿತ್ರಗಳು. ಹಾರಿದ ಗಳಿಗೆಯ ಚಿತ್ರವನ್ನು ಯಾರೂ ಹಾಕುವುದಿಲ್ಲ, ಅದನ್ನು ನೋಡುವ ಕೆಲಸ ನಮಗೆ ಬಿಟ್ಟದ್ದು. ಗಡಿನಾಡಿನ ಬೇರೆ ಶಾಲೆಗಳ ಅಧ್ಯಾಪಕ ಮಿತ್ರರು, ಹೆತ್ತವರು ಇದಕ್ಕೆ ಏನೆನ್ನುತ್ತೀರಿ? ನಮ್ಮ ಮಾತಿನಲ್ಲಿಯೇ ಅಂಚು ತಪ್ಪಿದ್ದರೆ ಒಂದು 'ಅಂ' ಹಾಕಿ ತಿಳಿಸಿ. ಎಲ್ಲಿ ತಪ್ಪಿತು ಎಂದು ಬರೆಯಲು ಮಾತ್ರ ಮರೆಯಬೇಡಿ.